ಇಪ್ಪತ್ತೊಂದು ಹಿಡಿ ಹುರುಳಿ

ಗುಲಾಬಿ ಹೂವು ಕಂಡರೆ ನನಗೆ ವಾಕರಿಕೆ ಬರುತ್ತದೆ. ಗಿಡದ ಗುಲಾಬಿಯಲ್ಲ, ಬೆಳಗಾದರೆ ಫೋನಿಗೆ ಬಂದು ಬೀಳುವ ಗುಲಾಬಿ. ಮೇಲೆರಡು ಹನಿ ಇಬ್ಬನಿ, ಕೆಳಗೆ 'ಶುಭೋದಯ', ಅದರ ಕೆಳಗೆ ಯಾರೂ ಯಾವತ್ತೂ ಹೇಳಿರದ ಒಂದು ನೀತಿಮಾತು. ನಮ್ಮ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಏಳು ಗಂಟೆಯೊಳಗೆ ಇಂಥವು ಹತ್ತಿಪ್ಪತ್ತು ಉದುರಿರುತ್ತವೆ. ಎದುರಿಗೆ ಸಿಕ್ಕರೆ ನಮಸ್ಕಾರ ಹೇಳದವರೂ ಗುಲಾಬಿ ಕಳಿಸುತ್ತಾರೆ. ನನ್ನ ಹೇಸಿಗೆಗೆ ಬೇರೆ ಕಾರಣವೇ ಇದೆ. ಆ ಹೂವುಗಳಿಗೆ ಜಾಗ ಮಾಡಿಕೊಡಲು ಹೋಗಿ, ಒಬ್ಬ ಮುದುಕ ನನ್ನನ್ನು ನಂಬಿ ಒಪ್ಪಿಸಿದ್ದ ತನ್ನ ಹಿರಿಯರನ್ನು ನಾನು ಅಳಿಸಿಹಾಕಿದೆ.

ನಾನು ಚಳ್ಳಕೆರೆಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಹೇಳುವವಳು. ಅಪ್ಪನದು ಎಣ್ಣೆ ವ್ಯಾಪಾರ. ಶೇಂಗಾ ಹಿಂಡಿಯ ವಾಸನೆಯ ಮನೆಯಲ್ಲಿ ಬೆಳೆದೆ, ಇಪ್ಪತ್ತು ವರ್ಷದಿಂದ ಸೀಮೆಸುಣ್ಣದ ಧೂಳಿನಲ್ಲಿದ್ದೇನೆ. ಕಂಪ್ಯೂಟರ್ ಕೋಣೆಯ ಬೀಗದ ಕೈ ಯಾವಾಗಲೂ ಇನ್ಯಾರದೋ ಜೇಬಿನಲ್ಲಿರುತ್ತಿತ್ತು. ಇತಿಹಾಸದವರಿಗೆ ಕಂಪ್ಯೂಟರ್ ಯಾಕೆ ಎಂಬುದು ನಮ್ಮಲ್ಲಿ ಪ್ರಶ್ನೆಯಾಗಿರಲಿಲ್ಲ, ತೀರ್ಪಾಗಿತ್ತು.

ಹೀಗಿರುವಾಗ ಒಂದು ದಿನ 'ಮಾನವಿಕ ವಿಷಯಗಳಿಗೆ ಡಿಜಿಟಲ್ ಕೌಶಲ' ಎಂಬ ಕಾರ್ಯಾಗಾರ ನಡೆಯಿತು. ಸಂಪನ್ಮೂಲ ವ್ಯಕ್ತಿ ಕಾರಿನಿಂದಿಳಿದರು. ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಪ್ರಾರ್ಥನೆ, ಸ್ವಾಗತ, ಸ್ವಾಗತಿಸಿದವರಿಗೊಂದು ಸ್ವಾಗತ. ಆಮೇಲೆ ಎರಡು ಗಂಟೆ ಭವಿಷ್ಯದ ಬಗ್ಗೆ ಭಾಷಣ. ಕಾರ್ಯಾಗಾರ ಮುಗಿಯುವವರೆಗೆ ಒಂದೇ ಒಂದು ಕಂಪ್ಯೂಟರಿನ ಮುಸುಕು ತೆಗೆಯಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದರೆ ಇದೇ. ಊಟವಾದ ಮೇಲೆ ಎಲ್ಲರೂ ಪ್ರಮಾಣಪತ್ರದ ಸಾಲಿನಲ್ಲಿ ನಿಂತರು. ಬಡ್ತಿಗೆ ಬೇಕಲ್ಲ. ನಾನೂ ನಿಂತಿದ್ದೆ, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ.

ಆದರೆ ಆ ಮಹಾಶಯರು ತೋರಿಸಿದ ಒಂದು ಪುಟದ ಮೂಲೆಯಲ್ಲಿ ಒಂದು ಜಾಲತಾಣದ ವಿಳಾಸವಿತ್ತು. ಬರೆದುಕೊಂಡು ಬಂದು ಭಾನುವಾರ ತೆರೆದು ನೋಡಿದೆ. ಇತಿಹಾಸ, ಸಾಹಿತ್ಯ ಓದುವವರಿಗೆಂದೇ ಬರೆದ ಪಾಠಗಳು. ಹಳೆಯ ದಾಖಲೆಗಳ ಪಟ್ಟಿ ಮಾಡುವುದು ಹೇಗೆ, ಊರುಗಳನ್ನು ನಕ್ಷೆಯ ಮೇಲೆ ಇಡುವುದು ಹೇಗೆ, ಸಾವಿರ ಪುಟದಲ್ಲಿ ಒಂದು ಮಾತು ಹುಡುಕುವುದು ಹೇಗೆ. ಒಂದೊಂದೇ ಹೆಜ್ಜೆ, ಕೈ ಹಿಡಿದು ನಡೆಸುವ ಹಾಗೆ. ಪ್ರಮಾಣಪತ್ರವಿಲ್ಲ, ಶಾಲಿಲ್ಲ, ಶುಲ್ಕವಿಲ್ಲ. ಯಾರು ಬೇಕಾದರೂ ಓದಬಹುದು, ಬಳಸಬಹುದು, ತಮ್ಮ ಭಾಷೆಗೆ ತರಬಹುದು. ನಾಲ್ಕೈದು ಭಾಷೆಗಳಲ್ಲಿ ಆಗಲೇ ಇತ್ತು. ಐದಾರು ಭಾನುವಾರ ಅದರ ಮುಂದೆ ಕೂತು, ಇಪ್ಪತ್ತು ವರ್ಷದಲ್ಲಿ ಯಾರೂ ಕಲಿಸದೇ ಇದ್ದದ್ದನ್ನು ಕಲಿತೆ. ಆ ಪಾಠಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ.

ಕನ್ನಡದಲ್ಲಿ ಇದೆಯೇ ಎಂದು ಹುಡುಕಿದಾಗ ಯಾರೋ ಪುಣ್ಯಾತ್ಮರು ಯಂತ್ರಕ್ಕೆ ಕೊಟ್ಟು ತಿರುಗಿಸಿ ಬೇರೆಲ್ಲೋ ಏರಿಸಿದ್ದ ಪಾಠ ಸಿಕ್ಕಿತು. 'ಇಲಿಯ ಬಲಭಾಗವನ್ನು ಒತ್ತಿರಿ' ಎಂದಿತ್ತು. ಓದುತ್ತಾ ಹೋದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ, ಹಲ್ಲು ಜುಮ್ಮೆನ್ನುತ್ತಿತ್ತು. ಆ ಸಿಟ್ಟಿನಲ್ಲೇ ಮೂಲ ತಾಣದವರಿಗೆ ಪತ್ರ ಬರೆದೆ, ಒಂದು ಪಾಠವನ್ನು ಕನ್ನಡದಲ್ಲಿ ನಾನೇ ಬರೆಯುತ್ತೇನೆ ಎಂದು. ಅವರು ಒಪ್ಪಿದರು. ಅವರಲ್ಲಿ ಎರಡು ನಿಯಮ. ಪಾಠದೊಳಗಿನ ಉದಾಹರಣೆ ಓದುವವರ ಸೀಮೆಯದೇ ಆಗಿರಬೇಕು. ಅಚ್ಚಾಗುವ ಮೊದಲು ಪಾಠವನ್ನು ಎಲ್ಲರೆದುರು ಇಟ್ಟು ತಿದ್ದಬೇಕು.

ನಾನು ಆರಿಸಿಕೊಂಡದ್ದು ಪಟ್ಟಿಯನ್ನು ಹಸನು ಮಾಡುವ ಪಾಠ. ಅದರ ಮೊದಲ ಹೆಜ್ಜೆಯೇ, ಮೂಲವನ್ನು ಮುಟ್ಟಬೇಡಿ, ಇನ್ನೊಂದು ಪ್ರತಿ ಮಾಡಿಕೊಂಡು ಅದರ ಮೇಲೆ ಕೆಲಸ ಮಾಡಿ ಎಂಬುದು. ಮೊದಲು 'ಮೂಲ ದತ್ತಾಂಶದ ಸಂರಕ್ಷಣೆ ಅತ್ಯಾವಶ್ಯಕ' ಎಂದು ಬರೆದೆ. ಓದಿದರೆ ನನಗೇ ನಾಚಿಕೆಯಾಯಿತು. ಎರಡು ದಿನ ಒದ್ದಾಡಿದೆ. ಕೊನೆಗೆ ಅವ್ವನ ಮಾತು ನೆನಪಾಯಿತು. ಮೊಸರಿನ ಗಡಿಗೆಗೆ ಕೈ ಹಾಕಿದರೆ ಅವ್ವ ಒಳಗಿನಿಂದಲೇ ಕೂಗುತ್ತಿದ್ದಳು, "ಹೆಪ್ಪಿಗೆ ಎತ್ತಿಟ್ಟು ಆಮೇಲೆ ಉಣ್ಣಾಕೆ ಕೂತ್ಕಳೇ." ಅದನ್ನೇ ಬರೆದೆ. ಹೆಪ್ಪಿಗೆ ಎತ್ತಿಟ್ಟು ಆಮೇಲೆ ಬಡಿಸಿಕೊಳ್ಳಿ. ತಿದ್ದಲು ಬಂದವರೆಲ್ಲ ಆ ಸಾಲನ್ನು ಹೊಗಳಿದರು. ನಾನು ಉಬ್ಬಿದೆ.

ಉದಾಹರಣೆಗೆ ಒಂದು ಪಟ್ಟಿ ಬೇಕಿತ್ತು. ಮೊಳಕಾಲ್ಮೂರಿನಲ್ಲಿ ಬಸ್ಸು ಬದಲಿಸಿ ದೇವಸಮುದ್ರದ ಕಡೆ ಹೋದರೆ ಒಂದು ಹಳ್ಳಿಯಲ್ಲಿ ದೇವರ ಎತ್ತುಗಳ ರೊಪ್ಪ, ಅಂದರೆ ಮುಳ್ಳುಬೇಲಿಯ ದೊಡ್ಡಿ, ಇದೆ. ದೇವರಿಗೆ ಬಿಟ್ಟ ಆ ಎತ್ತುಗಳನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ. ಅವನ್ನು ಕಾಯುವ ಕಿಲಾರಿಯ ಮನೆತನದ ಹಿರಿಯ ನನಗೆ ಹಿಂದಿನಿಂದ ಗೊತ್ತಿದ್ದವನು. ವಿದ್ಯಾರ್ಥಿಗಳನ್ನು ಜಟಿಂಗ ರಾಮೇಶ್ವರದ ಶಾಸನ ತೋರಿಸಲು ಕರೆದುಕೊಂಡು ಹೋದಾಗಲೆಲ್ಲ ಅವನ ಹಟ್ಟಿಯಲ್ಲಿ ಮಜ್ಜಿಗೆ ಕುಡಿದು ಬರುತ್ತಿದ್ದೆವು. ಬೆಟ್ಟದ ಮೇಲೆ ಸವೆದ ಅಕ್ಷರಗಳ ಮುಂದೆ ನಿಂತು, "ನೋಡಿ, ಕಲ್ಲೂ ಉಳಿಯುವುದಿಲ್ಲ, ಅದಕ್ಕೇ ಪ್ರತಿ ತೆಗೆದಿಡಬೇಕು" ಎಂದು ಪ್ರತಿವರ್ಷ ಉಪದೇಶ ಮಾಡುತ್ತಿದ್ದವಳು ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಆ ಮನೆಯಲ್ಲೊಂದು ಪದ್ಧತಿ ಇತ್ತು. ಸಂಕ್ರಾಂತಿಯ ಮಾರನೆಯ ದಿನ ಹಿರಿಯ ರೊಪ್ಪದೊಳಗೆ ನಿಂತು, ಎತ್ತು ಕಾದ ತನ್ನ ಮನೆಯ ಇಪ್ಪತ್ತೊಂದು ತಲೆಮಾರಿನ ಹಿರಿಯರನ್ನು ಒಬ್ಬೊಬ್ಬರಾಗಿ ಕರೆಯುತ್ತಾನೆ. ಒಬ್ಬೊಬ್ಬರಿಗೆ ಒಂದು ಹಿಡಿ ಹುರುಳಿ ಎತ್ತುಗಳ ಮುಂದೆ ಇಡುತ್ತಾನೆ. ಎತ್ತು ತಿಂದರೆ ಅವರು ಉಂಡ ಹಾಗೆ. ಕರೆಯದೆ ಬಿಟ್ಟವನು ಆ ವರ್ಷ ಉಪವಾಸ. ರೊಪ್ಪದೊಳಗೆ ಹೆಂಗಸರು ಹೋಗುವಂತಿಲ್ಲವಾದ್ದರಿಂದ ಪಾಠಕ್ಕೆಂದು ಮಳೆಗಾಲದಲ್ಲೊಮ್ಮೆ ಹೋದ ನಾನು ಮುಳ್ಳಿನ ಬೇಲಿಯ ಹೊರಗೆ ಕಲ್ಲಿನ ಮೇಲೆ ಕೂತು, ಆ ಕರೆಯನ್ನು ಹೇಳಿಸಿಕೊಂಡು ಕೇಳಿದೆ.

"ಬರೀ ಹೆಸ್ರು ಕೂಗಿದ್ರೆ ಐದು ಜನ ತಿರುಗಿ ನೋಡ್ತಾರೆ, ಒಬ್ನೂ ಬರಲ್ಲ," ಎಂದು ಮುದುಕ ನಕ್ಕ. "ನಮ್ಮನೇನಾಗೆ ಇರೋದೇ ಐದು ಹೆಸ್ರು ಕಣ್ ತಾಯಿ. ತಾತನ ಹೆಸ್ರು ಮೊಮ್ಮಗಂಗೆ ಇಕ್ಕಾದು. ಅವ್ನು ಏನ್ ಮಾಡ್ದ ಅಂತ ಹೇಳಿ ಕರೀಬೇಕು. ಆಗ ಅವ್ನೇ ಬರ್ತಾನೆ."

ಆಮೇಲೆ ಕಣ್ಣು ಮುಚ್ಚಿ ಶುರು ಮಾಡಿದ. ಹೆಸರು, ಅವನು ಮಾಡಿದ್ದು, 'ವಾನಿ ಕೊಡುಕು' ಎಂದು ತಮ್ಮ ಮನೆಮಾತಾದ ತೆಲುಗಿನಲ್ಲಿ ಅವನ ಮಗನಿಗೆ ದಾಟಿಕೊಂಡು ಮತ್ತೆ ಹೆಸರು. ಚಿರತೆಯ ಬಾಯಿಂದ ಕರು ಬಿಡಿಸಿದವನು. ಬಂಡೆ ಸಂದಿಯಲ್ಲಿ ನೀರು ಕಂಡವನು. ಮಾತು ಬಾರದವನು, ಎತ್ತಿಗೆ ಮಾತ್ರ ತಿಳಿಯುವಂತೆ ಕೂಗುತ್ತಿದ್ದವನು. ಫೋನಿನಲ್ಲಿ ಧ್ವನಿ ಹಿಡಿದುಕೊಂಡೆ. ಮುಗಿದ ಮೇಲೆ ಮುದುಕ ಹೇಳಿದ.

"ನಿನ್ ಪಾಠದಾಗೆ ಹಾಕ್ಕ, ಬ್ಯಾಡ ಅನ್ನಲ್ಲ. ಆದ್ರೆ ನಂಗೊಂದು ದಪ್ಪ ಅಕ್ಷರದಾಗೆ ಬರ್ದು ಕೊಡು. ಮಗಂಗೆ ಬಾಯಿಗೆ ಬರಲ್ಲ, ಓದಾಕ್ ಬರ್ತೈತೆ. ನಾನು ಹೋದ್ರೂ ಅವ್ರು ಉಪಾಸ ಬೀಳಬಾರ್ದು."

"ಎಂಟು ದಿನದಲ್ಲಿ ಕೊಡ್ತೀನಿ ತಾತ," ಎಂದೆ. ಪಕ್ಕದಲ್ಲಿ ನಿಂತಿದ್ದ ಮಗ ನನ್ನ ನಂಬರು ಬರೆದುಕೊಂಡ.

ಮನೆಗೆ ಬಂದು ಎರಡು ಕಾಲಂ ಮಾಡಿ ಎಲ್ಲವನ್ನೂ ಟೈಪ್ ಮಾಡಿದೆ. ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಮಾಡಿದ್ದು. ಇಪ್ಪತ್ತೊಂದು ಸಾಲು, ಐದು ಹೆಸರು. ಪೆನ್‌ಡ್ರೈವಿಗೆ ಹಾಕಿಕೊಂಡೆ. ಆ ವಾರವೇ ಫೋನು ಜಾಗವಿಲ್ಲ, ಜಾಗವಿಲ್ಲ ಎಂದು ಬಡಿದುಕೊಳ್ಳತೊಡಗಿತು. ಗುಲಾಬಿಗಳು ತುಂಬಿಕೊಂಡಿದ್ದವು. ಅವನ್ನು ಒಂದೊಂದಾಗಿ ಅಳಿಸಲು ಬೇಜಾರು. ಎಲ್ಲಕ್ಕಿಂತ ದೊಡ್ಡದು ಯಾವುದು ಎಂದು ನೋಡಿದೆ, ಮುದುಕನ ಧ್ವನಿ. ಹೇಗೂ ಟೈಪ್ ಆಗಿದೆಯಲ್ಲ ಎಂದು ಅದನ್ನು ತೆಗೆದುಬಿಟ್ಟೆ.

ಪಾಠದ ಮುಖ್ಯ ಭಾಗ, ಪಟ್ಟಿಯಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆಯುವುದು. ಒಂದು ಗುಂಡಿ ಒತ್ತಿದರೆ ಯಂತ್ರವೇ ತೆಗೆಯುತ್ತದೆ. ಅದನ್ನು ತೋರಿಸಲು ಒಂದೇ ಹೆಸರು ಮತ್ತೆ ಮತ್ತೆ ಬರುವ ಪಟ್ಟಿ ಬೇಕಿತ್ತು. ಕೈಯಲ್ಲೇ ಇತ್ತಲ್ಲ! ಹೆಸರಿನ ಕಾಲಂ ಆರಿಸಿದೆ, ಪಾಠಕ್ಕೆಂದು ಪರದೆಯ ಚಿತ್ರ ಹಿಡಿದೆ, ಗುಂಡಿ ಒತ್ತಿದೆ. ಹದಿನಾರು ಸಾಲು ತೆಗೆಯಲಾಗಿದೆ, ಐದು ಉಳಿದಿವೆ ಎಂದು ಬಂತು. ಎಷ್ಟು ಚೆನ್ನಾಗಿ ಕೆಲಸ ಮಾಡಿತು ಎಂದು ಖುಷಿಯಾಯಿತು. ಸೇವ್ ಮಾಡಿದೆ. ಪ್ರತಿ ಮಾಡಿಕೊಂಡಿರಲಿಲ್ಲ. ಹೆಪ್ಪಿನ ಮಾತನ್ನು ಊರಿಗೆಲ್ಲ ಹೇಳಿದವಳು ಗಡಿಗೆ ಬಳಿದು ಉಂಡು ಕೈ ತೊಳೆದುಕೊಂಡಿದ್ದೆ.

ಹೊರದೇಶದ ಯಾರಿಗೋ ಇದು ತಿಳಿಯದಿದ್ದರೆ ತಪ್ಪಿಲ್ಲ. ನಾನು ಈ ಸೀಮೆಯವಳು. ನಮ್ಮ ಮನೆಯಲ್ಲೂ ಅಪ್ಪನ ಹೆಸರೇ ಅಣ್ಣನ ಮಗನಿಗೆ. ಆ ಹೆಸರಿನ ಇಬ್ಬರು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದನ್ನು ದಿನಾ ನೋಡಿದವಳು. ಒಂದೇ ಹೆಸರೆಂದರೆ ಒಬ್ಬನೇ ಎಂದು ಯಂತ್ರ ಹೇಳಿತು, ನಾನು ಹೂಂಗುಟ್ಟಿದೆ.

ಪಾಠ ಪ್ರಕಟವಾಯಿತು. ತಿದ್ದಿದವರೊಬ್ಬರು ಇಷ್ಟು ಶುದ್ಧವಾದ ಉದಾಹರಣೆ ಅಪರೂಪ ಎಂದು ಬರೆದರು. ಪ್ರಾಂಶುಪಾಲರು ಶಾಲು ಹೊದಿಸಿದರು. ಯಾವ ಶಾಲನ್ನು ಕಂಡು ಮೂಗು ಮುರಿದಿದ್ದೆನೋ ಅದನ್ನೇ ಹೊದ್ದು ಹಲ್ಲು ಕಿರಿದು ಫೋಟೋಗೆ ನಿಂತೆ. ಮುದುಕನ ದಪ್ಪ ಅಕ್ಷರದ ಹಾಳೆ ಮಾತ್ರ ಇವತ್ತು ನಾಳೆ ಎನ್ನುತ್ತಾ ಆರು ತಿಂಗಳು ಉಳಿದೇಹೋಯಿತು.

ಸಂಕ್ರಾಂತಿಗೆ ಐದು ದಿನವಿರುವಾಗ ಅವನ ಮಗ ಫೋನು ಮಾಡಿದ.

"ಮೇಡಮ್ನೋರೆ, ಅಪ್ಪಂಗೆ ಲಕ್ವ ಹೊಡೀತು. ಈಗ ಮಾತಾಡ್ತೈತೆ, ಆದ್ರೆ ಹಿರೇರ ಹೆಸ್ರು ಕಲಸ್ಕಂಡ್ಬಿಟ್ಟೈತೆ. ಯಾವನು ಏನ್ ಮಾಡ್ದ ಅಂಬೋದು ಒಂದೂ ಬರಲ್ದು. ದಿನಾ ಕುಂತು ಅಳ್ತೈತೆ. ನಿಮ್ ಹತ್ರ ಬರ್ಸೀವ್ನಿ, ಹೆದರ್ಕಬ್ಯಾಡ ಅಂತ ತಾನೇ ಸಮಾಧಾನ ಮಾಡ್ಕಂತೈತೆ. ಅದೊಂದು ಹಾಳೆ ಕೊಡ್ರಿ."

ಪೆನ್‌ಡ್ರೈವ್ ಹಾಕಿದೆ. ಐದು ಸಾಲು. ಕೆಳಗೆ ಖಾಲಿ ಚೌಕಗಳು, ಎಷ್ಟು ಸರಿಸಿದರೂ ಖಾಲಿ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಪಾಠದ ಚಿತ್ರ ತೆರೆದು ನೋಡಿದೆ. ಅದರಲ್ಲಿ ಇಪ್ಪತ್ತೊಂದು ಹೆಸರೂ ಸಾಲಾಗಿ ಇದ್ದವು. ಅವರು ಮಾಡಿದ್ದೇನು ಎಂಬ ಕಾಲಮ್ಮನ್ನು, ಓದುವವರ ಗಮನ ಬೇರೆಡೆ ಹೋಗುತ್ತದೆ ಎಂದು ನಾನೇ ಕತ್ತರಿಸಿದ್ದೆ.

ಚಳ್ಳಕೆರೆಯ ಮೊಬೈಲ್ ಅಂಗಡಿಯವನೊಬ್ಬ ಅಳಿಸಿದ್ದನ್ನು ವಾಪಸು ತರುತ್ತಾನೆ ಎಂದು ಕೇಳಿ ಓಡಿದೆ. ಒಂದು ದಿನ ಫೋನು ಇಟ್ಟುಕೊಂಡು, "ಬಹುತ್ ಬಂದೈತೆ ಮೇಡಂ, ನೋಡ್ಕಳಿ," ಎಂದು ಕೊಟ್ಟ. ಬಂದಿದ್ದವು. ನೂರಾರು ಗುಲಾಬಿಗಳು. ಹಿಂದೊಮ್ಮೆ ನಾನು ಅಳಿಸಿದ್ದವೂ ಎದ್ದು ಬಂದು ನಗುತ್ತಿದ್ದವು. ಮುದುಕನ ಧ್ವನಿ ಇರಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ನಿಂತವಳಿಗೆ ನಿಜವಾಗಿಯೂ ವಾಂತಿ ಬಂದಂತಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೆ.

ಕಾಲೇಜಿನಲ್ಲಿ ಕಂಪ್ಯೂಟರ್ ಹೇಳುವ ಸಹೋದ್ಯೋಗಿಗೆ ವಿಷಯ ತಿಳಿಸಿದೆ. ಅವರು ಪೆನ್‌ಡ್ರೈವನ್ನು ತಿರುಗಿಸಿ ಮುರುಗಿಸಿ ನೋಡಿ ಕೈಚೆಲ್ಲಿದರು. ಆಮೇಲೆ ಮುಖ ಅರಳಿತು.

"ಅಯ್ಯೋ, ಇದಕ್ಯಾಕೆ ಇಷ್ಟು ತಲೆ ಕೆಡಿಸ್ಕಂತೀರಿ ಮೇಡಂ? ಹೆಸರು ಐತಲ್ಲ. ಉಳಿದಿದ್ದನ್ನ ಎಐ ಕೈಲಿ ಬರೆಸಿದ್ರಾಯ್ತು. ಲಕ್ವ ಹೊಡೆದ ಮುದುಕನಿಗೆ ಏನು ಗೊತ್ತಾಗ್ತೈತೆ?"

ನಾನು ಬೇಡ ಎನ್ನುವಷ್ಟರಲ್ಲಿ ಹದಿನಾರು ಸಾಲು ಬಂದೇಬಿಟ್ಟವು. 'ಗೋಸಂಪತ್ತಿನ ರಕ್ಷಣೆಗಾಗಿ ತನ್ನ ಜೀವನವನ್ನೇ ಮುಡಿಪಾಗಿಟ್ಟ ಮಹನೀಯ.' 'ತನ್ನ ಧೈರ್ಯ ಮತ್ತು ಸಮರ್ಪಣೆಯಿಂದ ಜನಮನ ಗೆದ್ದವನು.' ಹದಿನಾರೂ ಹೀಗೇ, ಸಮಾರಂಭದ ಸ್ವಾಗತ ಭಾಷಣದ ಕನ್ನಡ. ಬಂಡೆ ಸಂದಿಯಲ್ಲಿ ನೀರು ಕಂಡವನ ಮಗ ಜನಮನ ಗೆದ್ದನಂತೆ! ಅಸಹ್ಯವಾಯಿತು. ಆದರೂ ಅವರು ಅದನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಕೊಟ್ಟಾಗ ನಾನು ಹರಿದು ಹಾಕಲಿಲ್ಲ, ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡೆ. ಇಷ್ಟು ವರ್ಷದಲ್ಲಿ ನಾನು ಮಾಡಿದ ಕೆಲಸಗಳಲ್ಲಿ ನನಗೇ ಅತ್ಯಂತ ಹೇಸಿಗೆ ಎನಿಸುವುದು ಆ ಮಡಿಸಿದ್ದು.

ತಾಣದವರಿಗೂ ಬರೆದೆ, ಆ ಪಾಠ ತೆಗೆಯಿರಿ ಎಂದು. ಪ್ರಕಟವಾದದ್ದನ್ನು ತೆಗೆಯುವ ರೂಢಿ ಅವರಲ್ಲಿಲ್ಲ, ಮೇಲೊಂದು ಟಿಪ್ಪಣಿ ಸೇರಿಸಬಹುದು ಎಂದು ಮರ್ಯಾದೆಯಿಂದಲೇ ಉತ್ತರ ಕೊಟ್ಟರು. ಸೇರಿಸಿದೆ. 'ಈ ಪಟ್ಟಿಯಲ್ಲಿ ಒಂದೇ ಹೆಸರಿನ ಬೇರೆಬೇರೆ ಮನುಷ್ಯರಿದ್ದರು. ಹದಿನಾರು ಜನರನ್ನು ನಕಲು ಎಂದು ತೆಗೆದುಹಾಕಿದವಳು ಈ ಪಾಠ ಬರೆದವಳು. ನೀವು ಹೀಗೆ ಮಾಡಬೇಡಿ.' ಇಂಗ್ಲಿಷಿನಲ್ಲೂ ಅದನ್ನೇ ಹಾಕಿದೆ. ಯಾರೋ ಅದರ ಕೆಳಗೆ ಹೆಬ್ಬೆರಳು ಎತ್ತಿ ಮೆಚ್ಚುಗೆ ಸೂಚಿಸಿದ್ದರು.

ಸಂಕ್ರಾಂತಿಯ ಮಾರನೆಯ ಬೆಳಿಗ್ಗೆ ಹೋದೆ. ಬ್ಯಾಗಿನಲ್ಲಿ ಎರಡು ಹಾಳೆ. ಒಂದರಲ್ಲಿ ಇಪ್ಪತ್ತೊಂದು ಹೆಸರು, ಐದರ ಮುಂದೆ ಮಾತ್ರ ಮಾತು. ಇನ್ನೊಂದು ಪೂರ್ತಿ ತುಂಬಿದ್ದು, ಸುಳ್ಳು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಯಾವುದನ್ನು ಕೊಡಲಿ ಎಂದು ಯೋಚಿಸಿದೆ. ಯೋಚಿಸುವಂಥದ್ದೇನಿತ್ತು ಎಂದು ಈಗ ಅನ್ನಿಸುತ್ತದೆ, ಆದರೆ ಯೋಚಿಸಿದ್ದು ನಿಜ.

ಮುದುಕನನ್ನು ಮಗ ತೋಳು ಹಿಡಿದು ರೊಪ್ಪಕ್ಕೆ ತಂದಿದ್ದ. ಬಾಯಿ ಒಂದು ಕಡೆಗೆ ಜಗ್ಗಿತ್ತು. ನನ್ನನ್ನು ನೋಡಿದ್ದೇ ಮುಖವೆಲ್ಲ ಬೆಳಗಿತು. "ಬಂದ್ಯಾ ತಾಯಿ? ನೋಡ್ಲಾ, ನಾನ್ ಹೇಳ್ಳಿಲ್ವಾ, ಬತ್ತಾಳೆ ಅಂತ," ಎಂದು ಮಗನ ಕಡೆ ತಿರುಗಿದ. ಬೇಲಿಯ ಮೇಲಿಂದ ನಾನು ಹದಿನಾರು ಕಡೆ ಖಾಲಿ ಇದ್ದ ಹಾಳೆಯನ್ನೇ ಚಾಚಿದೆ.

"ತಾತ, ತಪ್ಪಾಗೈತೆ," ಎಂದೆ. ಕಾಲೇಜಿನ ಕನ್ನಡ ಬಾಯಿಗೆ ಬರಲಿಲ್ಲ. "ಐದು ಜನರದ್ದು ಬಿಟ್ರೆ ಉಳಿದೋರ ಹೆಸರು ಮಾತ್ರ ಐತೆ. ಅವರು ಮಾಡಿದ್ದು ನನ್ ಕೈಯಾರೆ ಅಳಿಸಿಹೋಯ್ತು."

ಅವನಿಗೆ ಅರ್ಥವಾದಂತೆ ಕಾಣಲಿಲ್ಲ. ತಲೆಯಾಡಿಸಿ, ಮೊರದಿಂದ ಒಂದು ಹಿಡಿ ಹುರುಳಿ ತೆಗೆದುಕೊಂಡು, ಓದು ಎಂದು ಮಗನಿಗೆ ಸನ್ನೆ ಮಾಡಿದ. ಮಗ ಮೊದಲ ಹೆಸರು ಓದಿದ, ಚಿರತೆಯ ಬಾಯಿಂದ ಕರು ಬಿಡಿಸಿದವನು ಎಂದ. ಮುದುಕ ಬಾಗಿ ಹುರುಳಿ ಇಟ್ಟ. ಎರಡನೆಯವನು, ಬಂಡೆ ಸಂದಿಯಲ್ಲಿ ನೀರು ಕಂಡವನು. ಇಟ್ಟ. ಮೂರನೆಯದು ಮತ್ತೆ ಮೊದಲನೆಯವನದೇ ಹೆಸರು. ಮಗ ಹೆಸರು ಓದಿ ಸುಮ್ಮನಾದ.

ಮುದುಕನ ಕೈ ಗಾಳಿಯಲ್ಲೇ ನಿಂತಿತು. "ಯಾವನು?" ಎಂದ.

ಮಗ ನನ್ನ ಕಡೆ ನೋಡಿದ. ಬ್ಯಾಗು ಹೆಗಲಲ್ಲೇ ಇತ್ತು, ಸುಳ್ಳು ಹಾಳೆ ಅದರೊಳಗೆ. ಮಾತು ಬಾರದವನೊಬ್ಬನಿದ್ದ ಎಂದು ನನಗೆ ನೆನಪಿತ್ತು. ಇವನೇ ಎಂದು ಹೇಳಿಬಿಡಬಹುದಿತ್ತು. ಎಷ್ಟನೆಯವನೋ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದು ತಲೆ ಅಲ್ಲಾಡಿಸಿದೆ. ಮುದುಕ ಕಾದು ನೋಡಿ ಆ ಹಿಡಿಯನ್ನು ಮೊರದ ಪಕ್ಕದಲ್ಲಿದ್ದ ಬಟ್ಟೆಯ ಮೇಲೆ ಹಾಕಿದ. ಮುಂದಿನ ಹೆಸರು. ಹೀಗೆ ಹದಿನಾರು ಸಲ "ಯಾವನು?" ಎಂದು ಕೇಳಿದ. ಒಂದು ಸಲವೂ ದನಿ ಏರಿಸಲಿಲ್ಲ, ದಾರಿಯಲ್ಲಿ ಹೋಗುವವರನ್ನು ಕೇಳಿದ ಹಾಗೆ ಕೇಳಿದ. ಎತ್ತುಗಳು ಐದು ಹಿಡಿ ತಿಂದು ಮುಗಿಸಿ ಮುಖ ಎತ್ತಿ ನಿಂತಿದ್ದವು.

ಎಲ್ಲ ಮುಗಿದ ಮೇಲೆ ಅವನು ಆ ಬಟ್ಟೆಯನ್ನು ಗಂಟು ಹಿಡಿದು ಬೇಲಿಯ ಹತ್ತಿರ ಬಂದ. ಆಗ ಅವನಿಗೆ ಅರ್ಥವಾಗಿತ್ತು.

"ಸೆರಗು ಹಿಡಿ ತಾಯಿ."

ಹಿಡಿದೆ. ನಮ್ಮಲ್ಲಿ ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬುವುದು ಹೀಗೇ. ಹುರುಳಿಯನ್ನೆಲ್ಲ ನನ್ನ ಸೆರಗಿಗೆ ಸುರಿದ.

"ಇವ್ರು ನನ್ ಹತ್ರ ಇಲ್ಲ, ನಿನ್ ಹತ್ರ ಇದ್ರು," ಎಂದ. "ನೀನೇ ಉಣ್ಣಾಕ್ ಇಕ್ಕು."

ಸುಳ್ಳು ಹಾಳೆಯನ್ನು ಮೊಳಕಾಲ್ಮೂರು ಬಸ್ ನಿಲ್ದಾಣದಲ್ಲಿ ಹರಿದು ಹಾಕಿದೆ. ಹುರುಳಿ ನನ್ನ ಅಡಿಗೆಮನೆಯ ಡಬ್ಬಿಯಲ್ಲಿದೆ. ಈಚೆಗೆ ಮುಚ್ಚಳ ತೆಗೆದರೆ ಹುಳ ಹಿಡಿದಿತ್ತು, ಕೈ ಹಾಕಿದರೆ ಮೈಯೆಲ್ಲ ಜುಂ ಎಂದಿತು. ಸಾರು ಮಾಡುವಂತಿಲ್ಲ, ಚೆಲ್ಲುವಂತಿಲ್ಲ. ಬಿಸಿಲಿಗೆ ಹರವಿದರೆ ಗುಬ್ಬಿ ಬಂದು ತಿನ್ನುತ್ತವೆ. ತಿಂದರೆ ತಿನ್ನಲಿ ಎಂದು ಒಂದು ದಿನ ಮಾಳಿಗೆಯ ಮೇಲೆ ಒಂದು ಹಿಡಿ ತೆಗೆದುಕೊಂಡು ಹೋದೆ. ಯಾರ ಹೆಸರು ಹೇಳಿ ಇಡಲಿ ಎಂದು ತಿಳಿಯದೆ ಹಾಗೇ ಹಿಡಿದುಕೊಂಡು ಕೆಳಗೆ ಬಂದೆ.